ಸುರೇಬಾನದ ಕೆಂಪು ದಾರ

ಈ ಸಲದ ಸುಗ್ಗಿಯಲ್ಲಿ ಒಂದು ಕಣ್ಣಿನ ತಪಾಸಣೆ ಶಿಬಿರಕ್ಕೆಂದು ಬೈಲಹೊಂಗಲದಿಂದ ರಾಮದುರ್ಗದ ಕಡೆಗೆ ಹೊರಟಿದ್ದೆ. ಸವದತ್ತಿ ದಾಟಿ ಒಂದಿಷ್ಟು ದೂರ ಹೋದ ಮೇಲೆ ಡಾಂಬರು ರಸ್ತೆಯ ಅರ್ಧಕ್ಕೆ ಜೋಳದ ತೆನೆ ಹರವಿದ್ದರು. ಹೋಗಿಬರುವ ಗಾಡಿಗಳ ಗಾಲಿಯಲ್ಲೇ ರಾಶಿ ಮಾಡಿಸಿಕೊಳ್ಳುವ ಜಾಣತನ ನಮ್ಮ ಕಡೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಡ್ರೈವರ್ ಗೊಣಗುತ್ತಲೇ ಅದರ ಮೇಲೆ ಗಾಡಿ ಹಾಯಿಸಿದ. ಕಿಟಕಿಯಿಂದ ಹೊಟ್ಟಿನ ಧೂಳು ಒಳಗೆ ನುಗ್ಗಿತು. ಜೋಳದ ಒಣ ಗರಿಯ ರವದಿ, ಎರೆಮಣ್ಣು, ಬಿಸಿಲು ಎಲ್ಲ ಕೂಡಿದ ಆ ವಾಸನೆ ಬೇರೆಯವರಿಗೆ ಹೊಟ್ಟೆ ತುಂಬುವ ವಾಸನೆ. ನನಗೆ ಮಾತ್ರ ಕಿವಿಯ ತುದಿಯವರೆಗೂ ಮುಖ ಬಿಸಿಯಾಯಿತು.

ಐದು ವರ್ಷದ ಹಿಂದಿನ ಒಂದು ಸುಗ್ಗಿ ಆ ವಾಸನೆಯೊಳಗೆ ಕುಳಿತಿದೆ. ಆ ಸುಗ್ಗಿಯಲ್ಲಿ ನಾನು ಒಂದು ಸಂಶೋಧನಾ ಲೇಖನ ಬರೆದೆ. ಅದು ಅಚ್ಚಾಯಿತು, ನನಗೆ ಕೆಲಸ ಕೊಡಿಸಿತು, ಅಪ್ಪನ ಎದೆ ಉಬ್ಬಿಸಿತು. ಅದು ಸುಳ್ಳಾಗಿತ್ತು. ಪೂರ್ತಿ ಸುಳ್ಳೆಂದರೆ ಒಪ್ಪಿಕೊಳ್ಳುವುದು ಸುಲಭವಿತ್ತು; ಅದರೊಳಗಿನ ಒಂದೊಂದು ಮಾತೂ ನಿಜ, ಕೂಡಿಸಿ ಓದಿದರೆ ಸುಳ್ಳು. ಈ ಸಲ ಶಿಬಿರದಿಂದ ಮರಳಿದ ಮೇಲೆ ಆ ಪತ್ರಿಕೆಯ ಸಂಪಾದಕರಿಗೆ ಇಂಗ್ಲಿಷಿನಲ್ಲಿ ತಿದ್ದುಪಡಿ ಪತ್ರ ಕಳಿಸಿದ್ದೇನೆ. ಅಂಥ ಪತ್ರಕ್ಕೆ ಅಳತೆ ಇರುತ್ತದೆ. ತಪ್ಪು ಯಾವುದು, ಸರಿ ಯಾವುದು ಎಂದು ನಾಲ್ಕು ಸಾಲಿನಲ್ಲಿ ಹೇಳಿ ಸಹಿ ಹಾಕಬೇಕು. ಆ ನಾಲ್ಕು ಸಾಲಿನಲ್ಲಿ ಫಕೀರವ್ವನಿಗೆ ಜಾಗ ಸಿಗಲಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಕಣ್ಣಿನ ಡಾಕ್ಟರಿಕೆ ಓದಿ ಮುಗಿಸಿ, ರಾಮದುರ್ಗದ ಒಂದು ಸಣ್ಣ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಎರಡು ಕೋಣೆ, ಒಂದು ವರಾಂಡ, ಕರೆಂಟು ಹೋದರೆ ನಿಲ್ಲುವ ಒಂದು ಯಂತ್ರ. ನನ್ನ ಜೊತೆಗೆ ಹಸನ್‌ಸಾಬ ಎಂಬ ಹಿರಿಯ ಕಂಪೌಂಡರ್. ಚೀಟಿ ಬರೆಯುವುದು, ಕಣ್ಣಿಗೆ ಹನಿ ಹಾಕುವುದು, ಪಾಳಿಯಲ್ಲಿ ಜಗಳಾಡುವವರನ್ನು ಬೈದು ಕೂರಿಸುವುದು ಎಲ್ಲ ಅವನದೇ. ಆ ಆಸ್ಪತ್ರೆ ನಿಜವಾಗಿ ನಡೆಯುತ್ತಿದ್ದದ್ದು ಅವನಿಂದ. ನಾನು ಅಲ್ಲಿ ಬಹಳ ದಿನ ಇರುವವಳಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನನ್ನ ಕಣ್ಣಿದ್ದದ್ದು ಶಹರದ ಒಂದು ವೈದ್ಯಕೀಯ ಕಾಲೇಜಿನ ಪಾಠ ಹೇಳುವ ಕೆಲಸದ ಮೇಲೆ. ಆ ಕೆಲಸಕ್ಕೆ ಅಚ್ಚಾದ ಲೇಖನ ಬೇಕಿತ್ತು. ನನ್ನ ಹೆಸರಿನಲ್ಲಿ ಒಂದೂ ಇರಲಿಲ್ಲ.

ರಾಮದುರ್ಗದ ಸೀಮೆಯಲ್ಲಿ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಬಗ್ಗಿ, ಎರಡೂ ಕೈಯಲ್ಲಿ ದಂಟು ಹಿಡಿದು, ಮೈಯೆಲ್ಲ ಹಾಕಿ ಜಗ್ಗುತ್ತಾರೆ. ಒಣಗಿದ ಗರಿ ಅಂಚಿಗೆ ಗರಗಸದ ಹಾಗೆ ಇರುತ್ತದೆ. ಜಗ್ಗುವಾಗ ಅದು ಮುಖಕ್ಕೆ ಬಡಿದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗೀರು ಬೀಳುತ್ತದೆ. ಅವತ್ತೇ ಬಂದರೆ ಎರಡು ದಿನದ ಹನಿಯಲ್ಲಿ ವಾಸಿ. ಬರದಿದ್ದರೆ ಆ ಗೀರಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೆ ಬಿಳಿಯ ಹೂ ಬೀಳುತ್ತದೆ, ಕೀವು ತುಂಬುತ್ತದೆ, ಕಡೆಗೆ ಕಣ್ಣೇ ಹೋಗುತ್ತದೆ. ಒಂದು ಗರಿ ಬಡಿದದ್ದಕ್ಕೆ ಒಂದು ಕಣ್ಣು ಎಂದರೆ ಯಾರೂ ನಂಬುವುದಿಲ್ಲ. ನಂಬದೇ ಇರುವುದರಿಂದಲೇ ಅವರು ತಡವಾಗಿ ಬರುತ್ತಿದ್ದರು.

ಸಂಕ್ರಮಣ ಕಳೆದ ಮೇಲೆ ಸುರೇಬಾನದ ಕಡೆಯ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಎಲ್ಲರ ಬಾಯಲ್ಲೂ ಒಂದೇ ಹೆಸರು, ಫಕೀರವ್ವ. "ಕಸಾ ತಗಸಾಕ ಫಕೀರವ್ವನ ಕಡೆ ಹೋಗಿದ್ವಿ, ಆಕಿ ದವಾಖಾನಿಗೆ ಹೋಗು ಅಂದ್ಲು." ಯಾರು ಈ ಫಕೀರವ್ವ ಎಂದು ಹಸನ್‌ಸಾಬನನ್ನು ಕೇಳಿದೆ.

"ನಾಲಿಗೀಲೆ ಕಣ್ಣಾಗಿನ ಕಸಾ ತಗೀತಾಳ್ರಿ ಬಾಯಾರ. ಸುತ್ತ ಹತ್ತ ಹಳ್ಳ್ಯಾಗ ಆಕೀದ ಹೆಸರ ಐತಿ."

ನನಗೆ ಮೈ ಉರಿದುಹೋಯಿತು. ಬಾಯಿಯಷ್ಟು ಹೊಲಸು ಜಾಗ ದೇಹದಲ್ಲಿ ಇನ್ನೊಂದಿಲ್ಲ ಎಂದು ಪಾಠ ಓದಿದವಳು ನಾನು. ಒಂದು ರವಿವಾರ ಸುರೇಬಾನದ ಬಸ್ ಹತ್ತಿದೆ, ಹೋಗಿ ಆ ಮುದುಕಿಗೆ ನೀರಿಳಿಸಿ ಬರಬೇಕೆಂದು.

ಅರವತ್ತರ ಆಸುಪಾಸಿನ ಹೆಂಗಸು. ಮನೆಯ ಮುಂದಿನ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದಳು. ಸುತ್ತಲೂ ಹಳೆಯ ಸೀರೆಯ ಚೂರುಗಳು, ಬಾಯಲ್ಲಿ ಒಂದು ತುಂಡು ಕೆಂಪು ದಾರ. ನನ್ನನ್ನು ನೋಡಿದ್ದೇ ಅಡಿಕೆ ಕತ್ತರಿಸಿದಷ್ಟು ಚೊಕ್ಕವಾಗಿ ಹೇಳಿದಳು.

"ಬರ್ರಿ ಬಾಯಾರ, ಕುಂದರ್ರಿ. ಬಯ್ಯಾಕ ಬಂದೀರಿ, ಹೌದಿಲ್ಲೋ? ಮೊದ್ಲ ಚಾ ಕುಡೀರಿ, ಆಮ್ಯಾಲ ಬಯ್ಯೀರಂತ."

ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಕಣ್ಣು ಒತ್ತಿಕೊಂಡು ಬಂದಳು. ಫಕೀರವ್ವ ಅವಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೇಲೆತ್ತಿ, ಬಿಸಿಲಿಗೆ ಹೊರಳಿಸಿ ನೋಡಿದಳು. ನೋಡುವ ರೀತಿ ನಮ್ಮ ಕಾಲೇಜಿನ ಹುಡುಗರಿಗಿಂತ ಚೆನ್ನಾಗಿತ್ತು ಎಂದು ಆಗಲೇ ನನಗೆ ಅನ್ನಿಸಿತು, ಆದರೆ ಹೇಳಲಿಲ್ಲ. ಮೂರು ಸಲ ಬಾಯಿ ಮುಕ್ಕಳಿಸಿದಳು. ನಾಲಿಗೆಯ ತುದಿಯನ್ನು ಒಮ್ಮೆ ಆಡಿಸಿ, ಬಂದ ಹೊಟ್ಟಿನ ಚೂರನ್ನು ತನ್ನ ಉಗುರಿನ ಮೇಲೆ ಇಟ್ಟು ಅವಳಿಗೆ ತೋರಿಸಿದಳು. ಅದಕ್ಕೆ ಆಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತಾಯಿಯಿಂದ ಬಂದ ವಿದ್ಯೆ, ಮಾರುವುದಲ್ಲವಂತೆ.

"ಹೂ ಬಿದ್ದ ಕಣ್ಣ ನಾ ಮುಟ್ಟೂದಿಲ್ರಿ," ಎಂದಳು ನನ್ನ ಮುಖ ನೋಡಿ. "ಅದು ನಂದಲ್ಲ, ನಿಮ್ಮದು. ಕಳಸತೇನಿ ಖರೆ, ಮಂದಿ ಬರಬೇಕಲ್ರಿ? ನಿಮ್ಮಲ್ಲಿ ಪಾಳಿ ಹಚ್ಚಿ ದಿನಾ ಕಳಿಬೇಕು. ಸುಗ್ಗ್ಯಾಗ ಯಾರ ಬರ್ತಾರ?"

ಬೈಯಲು ಹೋದವಳು ಒಪ್ಪಂದ ಮಾಡಿಕೊಂಡು ಬಂದೆ. ಫಕೀರವ್ವನಿಗೆ ಬರೆಯಲು ಬಾರದು. ಆದ್ದರಿಂದ ಆಸ್ಪತ್ರೆಗೆ ಬರಲೇಬೇಕಾದ ಕಣ್ಣು ಕಂಡರೆ ಆ ರೋಗಿಯ ಮಣಿಕಟ್ಟಿಗೆ ಕೌದಿಯ ಕೆಂಪು ದಾರ ಕಟ್ಟಿ ಕಳಿಸಬೇಕು. ದಾರ ಕಂಡವರನ್ನು ಹಸನ್‌ಸಾಬ ಪಾಳಿ ಬಿಟ್ಟು ನೇರ ಒಳಗೆ ಬಿಡಬೇಕು. ನಾಲಿಗೆ ಹಚ್ಚುವುದು ಬೇಡ, ಕಾಸಿ ಆರಿಸಿದ ನೀರು ಹಾಕಿ ತೊಳೆದರೆ ಸಾಕು ಎಂದೂ ಹೇಳಿದೆ. "ನೋಡ್ತೇನ್ರಿ," ಎಂದಳು. ನಮ್ಮ ಕಡೆ ನೋಡುತ್ತೇನೆ ಎಂದರೆ ಬಹುತೇಕ ಇಲ್ಲ ಎಂದೇ ಅರ್ಥ. ನಾನು ಅದನ್ನು ಹಾಗೆಯೇ ಅರ್ಥ ಮಾಡಿಕೊಂಡೆ.

ದಾರ ಕೆಲಸ ಮಾಡಿತು. ಬೇಕಾದ್ದಕ್ಕಿಂತ ಹೆಚ್ಚೇ ಮಾಡಿತು. ಹದಿನೈದು ದಿನದಲ್ಲಿ ಸುದ್ದಿ ಸುತ್ತಲಿನ ಹಳ್ಳಿಗೆಲ್ಲ ಹಬ್ಬಿತು, ಫಕೀರವ್ವನ ದಾರವಿದ್ದರೆ ಪಾಳಿ ಇಲ್ಲ ಎಂದು. ಕಣ್ಣಿನಲ್ಲಿ ಕಸ ಇಲ್ಲದವರೂ, ಗಾಯ ತಾವೇ ಕಂಡುಕೊಂಡವರೂ ಮೊದಲು ಸುರೇಬಾನಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಆಮೇಲೆ ರಾಮದುರ್ಗದ ಬಸ್ ಹತ್ತತೊಡಗಿದರು. ಹಸನ್‌ಸಾಬ ನಗುತ್ತಿದ್ದ. "ಆಕಿ ನಮ್ಮ ದವಾಖಾನಿ ಬಾಗಲಾ ಆಗ್ಯಾಳ್ರಿ ಬಾಯಾರ." ಫಕೀರವ್ವನೂ ಸುಮ್ಮನೆ ಯಾರಿಗೂ ಕಟ್ಟುತ್ತಿರಲಿಲ್ಲ. ಸಣ್ಣಪುಟ್ಟ ಕಣ್ಣನ್ನು ತೊಳೆದು ಮನೆಗೆ ಕಳಿಸಿ, ಕೆಟ್ಟ ಕಣ್ಣನ್ನು ಮಾತ್ರ ನಮ್ಮ ಕಡೆ ಅಟ್ಟುತ್ತಿದ್ದಳು. ಆ ಸುಗ್ಗಿಯಲ್ಲಿ ನಾನು ಉಳಿಸಿದ ಕಣ್ಣುಗಳಲ್ಲಿ ಹೆಚ್ಚಿನವು ಆಕೆ ದಾರ ಕಟ್ಟಿದವು.

ಮೂರು ಉಳಿಯಲಿಲ್ಲ. ಮೂವರೂ ದಾರ ಕಟ್ಟಿಕೊಂಡೇ ಬಂದಿದ್ದರು. ಅವರಲ್ಲಿ ನಿಂಗಪ್ಪ ಎಂಬ ಒಬ್ಬ ರೈತ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಣ್ಣಿನೊಳಗೆ ಅರ್ಧಕ್ಕೆ ಕೀವು ನಿಂತಿತ್ತು. ಹಸನ್‌ಸಾಬ ಅವನ ಕೈ ಹಿಡಿದು ನನಗೆ ತೋರಿಸಿದ. ದಾರ ಮಾಸಿ ಎರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ನೋಡ್ರಿ ಬಾಯಾರ, ಎಂಟ ದಿನದ ದಾರ ಇದು. ಫಕೀರವ್ವ ಅವತ್ತ ಕಳಿಸ್ಯಾಳ, ಈ ಹಿರ್ಯಾ ರಾಶಿ ಮುಗಿಸಿ ಬಂದಾನ."

ನಿಂಗಪ್ಪ ತಲೆ ತಗ್ಗಿಸಿದ. "ರಾಶಿ ಮಷಿನ್ ಪಾಳಿ ಬಂದಿತ್ರಿ, ಬಿಟ್ರ ಮತ್ತ ಎಂದ ಸಿಗತಿತ್ತೋ." ಅವನ ಕಣ್ಣು ಹೋಗುವುದು ಖಚಿತ ಎಂದು ಗೊತ್ತಿದ್ದೂ ಮೂರು ವಾರ ತಾಸಿಗೊಮ್ಮೆ ಹನಿ ಹಾಕಿದೆವು.

ಲೇಖನ ಬರೆಯುವ ಯೋಚನೆ ಬಂದದ್ದು ಆಗಲೇ. ನಮ್ಮಲ್ಲಿ ಹಾಳೆಗಳಿದ್ದವು, ಪ್ರತಿ ರೋಗಿಗೂ ಒಂದು, ಹಸನ್‌ಸಾಬನ ದುಂಡನೆಯ ಅಕ್ಷರದಲ್ಲಿ. ಹೆಸರು, ಊರು, ಗರಿ ಬಡಿದು ಎಷ್ಟು ದಿನ, ಇಲ್ಲಿಗೆ ಬರುವ ಮೊದಲು ಯಾರ ಕಡೆ ಹೋಗಿದ್ದಿರಿ. ಕಡೆಯ ಪ್ರಶ್ನೆಗೆ ಸುರೇಬಾನದ ಕಡೆಯವರೆಲ್ಲರ ಉತ್ತರ ಒಂದೇ, ಫಕೀರವ್ವ. ರಾಮದುರ್ಗ ಪೇಟೆಯವರು ಯಾರ ಕಡೆಯೂ ಹೋಗದೆ ನೇರ ಬಂದಿದ್ದರು. ಊಟದ ಹೊತ್ತಿಗೆ ರೋಗಿಗಳು ಕರಗಿದ ಮೇಲೆ ನಾನು ಆ ಹಾಳೆಗಳನ್ನು ಹರವಿಕೊಂಡು ಲ್ಯಾಪ್‌ಟಾಪಿನಲ್ಲಿ ತುಂಬುತ್ತಿದ್ದೆ. ಫೆಬ್ರುವರಿಯ ಗಾಳಿಗೆ ವರಾಂಡದಲ್ಲಿ ಹೊಟ್ಟು ಹಾರಿಬಂದು ಕೀಲಿಗಳ ಸಂದಿಯಲ್ಲಿ ಕೂರುತ್ತಿತ್ತು. ಹಸನ್‌ಸಾಬ ತನ್ನ ಬುತ್ತಿಯಿಂದ ಖಟಕ ರೊಟ್ಟಿ ಮುರಿದು ಕೊಡುತ್ತ, ಒಂದೊಂದು ಹಾಳೆಯ ಹಿಂದಿನ ಮನುಷ್ಯನ ಕಥೆ ಹೇಳುತ್ತಿದ್ದ. ಆ ಮಧ್ಯಾಹ್ನಗಳು ಚೆನ್ನಾಗಿದ್ದವು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿಯೂ ಚೆನ್ನಾಗಿದ್ದವು.

ನನ್ನ ಜೊತೆಗೆ ಲೇಖನದಲ್ಲಿ ಹೆಸರು ಹಾಕುವವರು ನನಗೆ ಪಾಠ ಹೇಳಿದ ಸರ್ ಒಬ್ಬರು. ಅವರು ಹಾಳೆಗಳನ್ನು ನೋಡಿರಲಿಲ್ಲ, ಸುರೇಬಾನವನ್ನೂ ನೋಡಿರಲಿಲ್ಲ. ನಾನು ಕಳಿಸಿದ ಮೊದಲ ಕರಡು ಓದಿ ಫೋನ್ ಮಾಡಿದರು.

"ಛಲೋ ಬರದೀಯ. ಆದರ ಇದ್ರಾಗ ಹೊಸಾದು ಏನದ? ಗರಿ ಬಡದರ ಬೂಷ್ಟು ಹಿಡೀತದ ಅಂತ ಎಲ್ಲಾರಿಗೂ ಗೊತ್ತದ. ನಿನ್ನಿ ಅನ್ನಾ ಮತ್ತ ಕಾಸಿಧಂಗ ಆಗ್ತದ."

ಆಮೇಲೆ ಅವರೇ ಕೇಳಿದರು. "ಈ ನಾಲಿಗಿ ಹಚ್ಚೂದು ಅದ ಅಲ್ಲ, ಅದು ಹೊಸಾದು. ಕೆಟ್ಟ ಕಣ್ಣು ಎಲ್ಲಾ ಆಕೀ ಕಡೆ ಹೋಗಿ ಬಂದವರದ ಅವ ನೋಡು. ಆಕೀ ಕಡೆ ಹೋದ್ರು ಅಂದ್ರ ನಾಲಿಗಿ ಹಚ್ಚಿಸಿಕೊಂಡ್ರು ಅಂತನ ಅಲ್ಲ?"

ಅಲ್ಲ ಸರ್, ಎಷ್ಟೋ ಜನ ದಾರಕ್ಕೆ ಹೋದವರು ಎನ್ನಬೇಕಿತ್ತು. ಮಾತು ಬಾಯಿಯವರೆಗೂ ಬಂದಿತ್ತು. ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕುವ ಕಡೆಯ ದಿನವೂ ಹತ್ತಿರ ಬಂದಿತ್ತು.

"ಹೌದ್ರಿ ಸರ್," ಎಂದೆ.

ಅಲ್ಲಿಂದ ಮುಂದಿನದೆಲ್ಲ ಇಳಿಜಾರು. 'ಬರುವ ಮೊದಲು ಯಾರ ಕಡೆ ಹೋಗಿದ್ದಿರಿ' ಎಂಬ ಕಾಲಂನ ಹೆಸರನ್ನು 'ನಾಲಿಗೆಯಿಂದ ಕಸ ತೆಗೆಸಿಕೊಂಡವರು' ಎಂದು ಬದಲಿಸಿದೆ. ಅದರ ಕೆಳಗಿನ ಒಂದು ಅಂಕಿಯನ್ನೂ ಮುಟ್ಟಲಿಲ್ಲ. ಅಂಕಿ ಮುಟ್ಟಿದ್ದರೆ ಮೋಸ ಎಂದು ನನಗೇ ಗೊತ್ತಾಗುತ್ತಿತ್ತು. ತಲೆಬರಹ ಬದಲಿಸುವುದು ಮೋಸದ ಹಾಗೆ ಕಾಣಲಿಲ್ಲ. ಲೆಕ್ಕ ಹಾಕಿದ ಮೇಲೆ ಲ್ಯಾಪ್‌ಟಾಪ್ ನಾವು ಬಯಸಿದ್ದನ್ನೇ ಹೇಳಿತು. ಕೆಟ್ಟ ಕಣ್ಣಿಗೂ ನಾಲಿಗೆಗೂ ಗಟ್ಟಿ ಸಂಬಂಧವಿದೆ ಎಂದಿತು. ಇರದೇ ಏನು ಮಾಡೀತು? ಕೆಟ್ಟ ಕಣ್ಣುಗಳನ್ನೇ ಆರಿಸಿ ನಮಗೆ ಕಳಿಸುತ್ತಿದ್ದವಳನ್ನು ಹಿಡಿದು ಕಣ್ಣು ಕೆಡಿಸಿದವಳು ಎಂದು ಬರೆದೆವು.

ಇಷ್ಟಾದರೂ ಕರಡಿನಲ್ಲಿ ಒಂದು ವಾಕ್ಯ ಉಳಿದಿತ್ತು, ಸಾರಾಂಶದಲ್ಲೂ ಒಳಗಿನ ಪುಟದಲ್ಲೂ. ಮೊದಲ ದಿನ ಒಳ್ಳೆಯ ಮನಸ್ಸಿನಿಂದ ಬರೆದದ್ದು. ಈ ಹೆಂಗಸೇ ರೋಗಿಗಳನ್ನು ಗುರುತಿಸಿ ದಾರ ಕಟ್ಟಿ ಆಸ್ಪತ್ರೆಗೆ ಕಳಿಸುತ್ತಿದ್ದಳು, ಪಾಳಿ ತಪ್ಪಿಸಲೆಂದೇ ಹಲವರು ಆಕೆಯ ಬಳಿ ಹೋಗುತ್ತಿದ್ದರು ಎಂಬ ಅರ್ಥದ್ದು. ಓದಿದ ಯಾವ ಜಾಣನಿಗೂ ಅಷ್ಟು ಸಾಕಿತ್ತು, ನಮ್ಮ ಲೆಕ್ಕ ಎಲ್ಲಿ ಮುಗ್ಗರಿಸಿದೆ ಎಂದು ತಿಳಿಯಲು.

ಕಳಿಸುವ ದಿನ ಬಂತು. ಮಧ್ಯಾಹ್ನ ಎರಡು ಗಂಟೆ, ಕರೆಂಟು ಇರಲಿಲ್ಲ, ಮೊಬೈಲಿನ ನೆಟ್‌ವರ್ಕ್ ವರಾಂಡದ ಒಂದೇ ಮೂಲೆಯಲ್ಲಿ ಸಿಗುತ್ತಿತ್ತು. ಪತ್ರಿಕೆಯ ಜಾಲತಾಣ ಒಂದೊಂದೇ ಪುಟ ಕೇಳುತ್ತ ಹೋಯಿತು. ಲೇಖಕರ ಹೆಸರು, ರೋಗಿಗಳ ಒಪ್ಪಿಗೆ, ಕಣ್ಣಿನ ಚಿತ್ರ, ಸಂಪಾದಕರಿಗೆ ಒಂದು ವಿನಯದ ಪತ್ರ. ಕಡೆಗೆ ಸಾರಾಂಶದ ಪುಟದಲ್ಲಿ ಕೆಂಪು ಅಕ್ಷರ ಬಂತು. ಪದಗಳ ಮಿತಿ ಮೀರಿದೆ ಎಂದು. ಇಪ್ಪತ್ತು ಚಿಲ್ಲರೆ ಪದ ಹೆಚ್ಚಾಗಿದ್ದವು. ಎಲ್ಲಿ ಕತ್ತರಿಸಬಹುದೆಂದು ಮೇಲಿನಿಂದ ಓದಿದೆ. ಕತ್ತರಿಸಲು ಬೇಕಾದಷ್ಟಿತ್ತು. ಜೋಳದ ಬೆಳೆಯ ಬಗ್ಗೆ ಒಂದು ಸಾಲು ಸುಮ್ಮನೆ ಶೋಭೆಗೆ ಕುಳಿತಿತ್ತು. ನಾನು ಅಳಿಸಿದ್ದು ದಾರದ ವಾಕ್ಯವನ್ನು. ಸಾರಾಂಶದಲ್ಲಿ ಇಲ್ಲದ್ದು ಒಳಗೇಕೆ ಎಂದು ಒಳಗಿನದನ್ನೂ ಅಳಿಸಿದೆ. ಪದಮಿತಿಯ ನೆಪ ಒಳಗಿನ ಪುಟಕ್ಕೆ ಇರಲಿಲ್ಲ. ಅದೊಂದೇ ಸಾಕ್ಷಿ ಸಾಕು, ಮಾಡುತ್ತಿರುವುದೇನೆಂದು ನನಗೆ ತಿಳಿದಿತ್ತು ಎನ್ನಲು.

ಪಕ್ಕದಲ್ಲಿ ರೊಟ್ಟಿ ಬಿಚ್ಚುತ್ತಿದ್ದ ಹಸನ್‌ಸಾಬ ಕೇಳಿದ. "ಬಾಯಾರ, ದಾರದ ಮಾತು ಬರದೀರಿ ಹೌದಿಲ್ಲೋ? ಅದು ನಮ್ಮ ಭಾರಿ ಕೆಲಸ ಆಗೇತಿ ನೋಡ್ರಿ. ಫಕೀರವ್ವನ ಹೆಸರು ಬರಬೇಕ್ರಿ ಅದ್ರಾಗ."

"ಜಾಗಾ ಸಾಲಲಿಲ್ಲ ಹಸನ್‌ಸಾಬ."

ಅವನು ನನ್ನ ಮುಖ ನೋಡಿದ. ಇಂಗ್ಲಿಷ್ ಬಾರದ ಮನುಷ್ಯ, ಸಂಖ್ಯಾಶಾಸ್ತ್ರ ಓದದ ಮನುಷ್ಯ. "ಅಷ್ಟ ದೊಡ್ಡ ಪುಸ್ತಕದಾಗ ಒಂದ ದಾರಕ್ಕ ಜಾಗಾ ಇಲ್ಲೇನ್ರಿ?" ಎಂದು ಕೇಳಿ ಬುತ್ತಿ ಕಟ್ಟಿದ. ಮೇಲಿರುವುದೆಲ್ಲ ನಿಜ ಎಂಬ ಘೋಷಣೆಯ ಎದುರಿನ ಚೌಕದಲ್ಲಿ ನಾನು ಗುರುತು ಹಾಕಿ ಕಳಿಸಿಬಿಟ್ಟೆ.

ಲೇಖನ ಒಪ್ಪಿಗೆಯಾಗಿ ಅಚ್ಚಾಯಿತು. ಪತ್ರಿಕೆಯ ಪರವಾಗಿ ಅದನ್ನು ಪರಿಶೀಲಿಸಿದ ವಿಮರ್ಶಕರು ಇಬ್ಬರೂ ಮೆಚ್ಚಿದ್ದರು. ಕಾಗುಣಿತದ ಎರಡು ತಪ್ಪು ತೋರಿಸಿದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಯಾರಾದರೂ ಒಬ್ಬರು ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಕೇಳಿದ ಒಬ್ಬನಿಗೆ ಏನು ಹೇಳಿದೆ ಎಂಬುದನ್ನು ಮೇಲೆ ಬರೆದಿದ್ದೇನೆ. ಬೈಲಹೊಂಗಲದಲ್ಲಿ ಹತ್ತಿಕಾಳಿನ ವ್ಯಾಪಾರ ಮಾಡುವ ನಮ್ಮಪ್ಪ ಲೇಖನದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಬಂದ ಗಿರಾಕಿಗಳಿಗೆಲ್ಲ "ನಮ್ಮ ಮಗಳು ಬರದದ್ದು" ಎಂದು ತೋರಿಸಿ ಫೇಡೆ ಕೊಟ್ಟ. ಅವತ್ತಿನಿಂದ ಆ ಅಂಗಡಿಯೊಳಗೆ ನಾನು ತಲೆ ಎತ್ತಿ ಕುಳಿತಿಲ್ಲ. ಅಪ್ಪ ಅದನ್ನು ವಿನಯ ಎಂದುಕೊಂಡಿದ್ದಾನೆ.

ನಾನು ಕಾಲೇಜಿನ ಕೆಲಸಕ್ಕೆ ಸೇರಿದ ತಿಂಗಳೇ ಒಂದು ಕನ್ನಡ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ ಬಂತು. ನಾಲಿಗೆ ಮದ್ದಿನಿಂದ ಮೂವರ ಕಣ್ಣು ಹೋಯಿತು, ಸಂಶೋಧನೆಯಿಂದ ಬಯಲು ಎಂದು. ಫಕೀರವ್ವನ ಹೆಸರಿರಲಿಲ್ಲ. ರಾಮದುರ್ಗ ತಾಲೂಕಿನ ಒಂದು ಹಳ್ಳಿ ಎಂದಷ್ಟೇ ಇತ್ತು. ಆ ತಾಲೂಕಿನಲ್ಲಿ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಹಸನ್‌ಸಾಬನ ಫೋನ್ ಬಂತು. ಸುರೇಬಾನದ ಕಡೆಯಿಂದ ರೋಗಿಗಳು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಎಂದ. ಫಕೀರವ್ವನ ಕಟ್ಟೆಗೆ ಯಾರೂ ಹೋಗುತ್ತಿಲ್ಲ, ಹೋದರೂ ಆಕೆ ಕಣ್ಣು ನೋಡುತ್ತಿಲ್ಲ. ದಾರ ಕಟ್ಟಿ ಅಟ್ಟುವವರಿಲ್ಲ. ಮಂದಿ ಕಿರಾಣಿ ಅಂಗಡಿಯಲ್ಲಿ ಯಾವುದೋ ಹನಿ ತಂದು ಹಾಕಿಕೊಂಡು, ಹೂ ಬಿದ್ದ ಮೇಲೆ ಆಸ್ಪತ್ರೆಯ ಹಾದಿ ಹಿಡಿಯುತ್ತಿದ್ದಾರೆ. "ಈ ಸಲ ನಿಂಗಪ್ಪನಂಥಾವ್ರು ಭಾಳ ಆದ್ರು ಬಾಯಾರ. ಒಮ್ಮೆ ಬಂದು ಆಕೀ ಮುಂದ ಒಂದ ಮಾತ ಹೇಳಿ ಹೋಗ್ರಿ." ಬರುತ್ತೇನೆ ಎಂದೆ. ಹೋಗಲಿಲ್ಲ. ಆಕೆ ನನ್ನನ್ನು ಶಪಿಸುತ್ತಿರಬೇಕು, ಓಣಿಯ ಮಂದಿಯೆದುರು ಮಾನ ಕಳೆಯಬಹುದು ಎಂದು ಹೆದರಿದೆ. ಒಂದು ವರ್ಷ ಹೋಗದಿದ್ದರೆ ಎರಡನೆಯ ವರ್ಷ ಹೋಗುವುದು ಇನ್ನೂ ಕಷ್ಟ. ಹಾಗೆ ನಾಲ್ಕು ವರ್ಷ ಕಳೆದವು.

ಈ ಸಲ ಜೋಳದ ಹೊಟ್ಟು ಮುಖಕ್ಕೆ ಬಡಿದ ದಿನ, ಶಿಬಿರ ಮುಗಿಸಿ ಗಾಡಿಯನ್ನು ಸುರೇಬಾನಕ್ಕೆ ತಿರುಗಿಸಲು ಹೇಳಿದೆ. ಕಟ್ಟೆಯ ಮೇಲೆ ಫಕೀರವ್ವ ಇದ್ದಳು. ಸಣ್ಣಗಾಗಿದ್ದಳು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತೆ.

"ಬರ್ರಿ ಬಾಯಾರ, ಕುಂದರ್ರಿ," ಎಂದಳು. ಸಿಟ್ಟಿರಲಿಲ್ಲ. ಅಪರಾಧಿಯ ಹಾಗೆ ಸರಿದು ಕುಳಿತವಳು ಆಕೆ. "ನೀವು ಎಂದರ ಬರ್ತೀರಿ ಅಂತ ಕಾಯಾಕ ಹತ್ತಿದ್ನಿ. ಒಂದು ಕೇಳ್ತೇನಿ, ಖರೆ ಹೇಳ್ರಿ. ಆ ಮೂರು ಕಣ್ಣು ನನ್ನಿಂದನ ಹ್ವಾದುವೇನ್ರಿ?"

ಇಲ್ಲ ಎಂದುಬಿಡಬೇಕೆನಿಸಿತು. ಅದೂ ಇನ್ನೊಂದು ಸುಳ್ಳಾಗುತ್ತಿತ್ತು.

"ಗೊತ್ತಿಲ್ಲ ಯವ್ವಾ. ಗೊತ್ತಿಲ್ಲ ಅಂತನ ಬರೀಬೇಕಿತ್ತು. ಗೊತ್ತೈತಿ ಅಂತ ಬರದ್ನಿ." ಎಲ್ಲವನ್ನೂ ಹೇಳಿದೆ. ಕಾಲಂನ ಹೆಸರು ಬದಲಿಸಿದ್ದು, ದಾರದ ಮಾತು ಅಳಿಸಿದ್ದು, ಯಾಕೆ ಅಳಿಸಿದ್ದು, ಅದರಿಂದ ನನಗೇನು ಸಿಕ್ಕಿತು. ಯಾರ ಕಣ್ಣಿಗೆ ನಾಲಿಗೆ ಮುಟ್ಟಿತ್ತು, ಯಾರದಕ್ಕೆ ಇಲ್ಲ ಎಂದು ನಮ್ಮ ಹಾಳೆಯಲ್ಲಿ ಇರಲೇ ಇಲ್ಲ ಎಂದೂ ಹೇಳಿದೆ.

ಆಕೆ ಬೆರಳು ಮಡಚುತ್ತ ಹೇಳಿದಳು. "ನಿಂಗಪ್ಪನ ಕಣ್ಣು ನಾ ಮುಟ್ಟೇ ಇಲ್ರಿ, ಅಂವ ದಾರಕ್ಕ ಬಂದಿದ್ದ. ಆ ಕುಂಟ ಹೆಣ್ಮಗಳದ್ದೂ ಮುಟ್ಟಿಲ್ಲ, ಹೂ ಬಿದ್ದಿತ್ತು. ಒಬ್ಬಾಕಿದು ಮುಟ್ಟೇನಿ, ಅದು ನೀವು ಮೊದಲ್ನೇ ಸಲ ಬರೂಕಿನ್ನ ಮುಂಚೆ; ಮುಂದ ಹೂ ಬಿದ್ದು ಮತ್ತ ಬಂದಾಗ ದಾರ ಕಟ್ಟಿದ್ನಿ. ನೀವು ಬ್ಯಾಡ ಅಂದ ಮ್ಯಾಲ ಬರೇ ನೀರ ಹಾಕತಿದ್ನಿ. ಯಾರ್ಯಾರ್ದು ಮುಟ್ಟೇನಿ ಅನ್ನೂದು ಎಲ್ಲಾ ನೆನಪೈತಿ. ಕೇಳಿದ್ರ ಹೇಳತಿದ್ನ್ಯಲ್ರಿ ಬಾಯಾರ."

ಕೇಳಿರಲಿಲ್ಲ. ಒಂದಿಡೀ ಸುಗ್ಗಿ ಆಕೆಯ ಕೈ ಹಿಡಿದು ನಡೆದ ಕೆಲಸದಲ್ಲಿ, ಆಕೆಯ ಹೆಸರಿನ ಮೇಲೆ ನಿಂತ ಲೇಖನದಲ್ಲಿ, ಆಕೆಯನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ತಲೆ ಎತ್ತಲಾಗಲಿಲ್ಲ. "ಮತ್ತ ಮುಟ್ಟಿಲ್ಲ ಅಂತ ಗೊತ್ತಿದ್ದೂ ನಿಮ್ಮಿಂದ ಹ್ವಾದುವು ಅಂತ ಯಾಕ ನಂಬಿದ್ರಿ?" ಎಂದು ಕೇಳಿದೆ.

"ಕಲತವ್ರು ಬರದೀರಲ್ರಿ. ಮುಟ್ಟಲಾರದ ಕಣ್ಣೂ ನನ್ನಿಂದ ಹ್ವಾದುವು ಅಂದ್ರ, ನನ್ನ ಕೈ ಒಳಗ, ಉಸರಿನ್ಯಾಗ ಏನರ ಇರಬೇಕು ಅಂತ ತಿಳಕೊಂಡ್ನಿ."

ಒಳಗಿನಿಂದ ಸೊಸೆ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಸೆರಗು ಹಿಡಿದು ನಾಲ್ಕು ವರ್ಷದ ಒಂದು ಹೆಣ್ಣುಮಗು. ಲೇಖನ ಅಚ್ಚಾದ ವರ್ಷ ಹುಟ್ಟಿದ್ದು. ಫಕೀರವ್ವ ನನಗೆ ಹೇಳಿದಳು, "ಈಕಿ ಒಮ್ಮೆನೂ ಕೂಸನ್ನ ನನ್ನ ಕೈಯಾಗ ಕೊಟ್ಟಿಲ್ರಿ. ಈಗ ನನಗ ಹೇಳಿದ್ದನ್ನ ಈಕಿ ಮುಂದೂ ಹೇಳ್ರಿ." ಹೇಳಿದೆ. ಸೊಸೆ ಪೂರ್ತಿ ಕೇಳಿದಳು. ಮಗುವಿನ ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ಅಜ್ಜಿಯ ಕಡೆಗೆ ಮುಂದೆ ಬಿಟ್ಟಳು.

ಮಗು ಕಟ್ಟೆಯ ಹತ್ತಿರ ಹೋಗಿ ನಿಂತಿತು. ಅದರ ಗಲ್ಲಕ್ಕೆ ರವದಿಯ ಧೂಳು ಹತ್ತಿತ್ತು. ಒರೆಸಲೆಂದು ಫಕೀರವ್ವ ಕೈ ಎತ್ತಿದಳು, ಅರ್ಧದಲ್ಲೇ ನಿಲ್ಲಿಸಿದಳು, ನನ್ನ ಕಡೆ ತಿರುಗಿದಳು.

"ಮುಟ್ಟಲೇನ್ರಿ ಬಾಯಾರ?" ಎಂದು ನನ್ನನ್ನು ಕೇಳಿದಳು.